ಒಂದು ದೀರ್ಘದ ತಪ್ಪು

ಮೊನ್ನೆ ಮಧ್ಯಾಹ್ನ ಹುರಿದ ಬಾದಾಮಿಯ ಎರಡು ಪೆಟ್ಟಿಗೆ ಕೊಡಲಿಕ್ಕೆಂದು ಸೌದಿಯ ಅಲ್ ಖೋಬರಿನ ಸಮುದ್ರದ ಕಡೆಯ ರಸ್ತೆಯಲ್ಲಿ ಹೊಸದಾಗಿ ತೆರೆದ ಒಂದು ಹೋಟೆಲಿಗೆ ಹೋಗಿದ್ದೆ. ಹೋಟೆಲು ಎಂದರೆ ಅವರಿಗೆ ಸಿಟ್ಟು ಬರಬಹುದು. ಗೋಡೆಗೆ ಮಾಸಲು ಹಳದಿ ಬಣ್ಣ, ಕಿಟಕಿಗೆ ಹಸಿರು ಪಟ್ಟಿಗಳ ಬಾಗಿಲು, ಹೊರಗೆ ಬೋರ್ಡಿನ ಮೇಲೆ ಫ್ರೆಂಚ್ ಹೆಸರು. ಅದನ್ನು ಓದಲು ನನಗೆ ಬರುವುದಿಲ್ಲ. ಓದಲು ಬರುವವರಿಗೂ ಹೇಳಲು ಬರುವುದಿಲ್ಲವಂತೆ. ಹಿಂಬಾಗಿಲಿನಿಂದ ಒಳಗೆ ಹೋಗಿ ರಸೀದಿಗೆ ಸಹಿ ಹಾಕಿಸಿಕೊಳ್ಳಲು ಕಾಯುತ್ತ ನಿಂತಿದ್ದೆ. ಬೆಣ್ಣೆಯಲ್ಲಿ ಈರುಳ್ಳಿ ಬಾಡುವ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ನೇಪಾಳದ ಸಪ್ಲಾಯರ್ ಒಬ್ಬ ದ್ರಾಕ್ಷಿ ರಸದ ಬಾಟಲಿಯ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ, ಹಸುಗೂಸನ್ನು ಎತ್ತಿಕೊಂಡವರ ಹಾಗೆ ತೋಳಿನ ಮೇಲೆ ಮಲಗಿಸಿಕೊಂಡು, ಒಂದು ಸೌದಿ ಕುಟುಂಬದ ಮೇಜಿಗೆ ಒಯ್ದ. ಬಾಟಲಿಯ ಚೀಟಿ ಕಾಣುವಂತೆ ಹಿಡಿದು ತೋರಿಸಿದ. ಮನೆಯ ಯಜಮಾನರು ಗಂಭೀರವಾಗಿ ತಲೆಯಾಡಿಸಿದರು.

ಅಷ್ಟೇ. ಆ ತಲೆಯಾಡಿಸಿದ ರೀತಿ ನೋಡಿ ಸಹಿ ಹಾಕಿಸಿಕೊಳ್ಳದೆಯೇ ಹೊರಗೆ ಬಂದುಬಿಟ್ಟೆ.

ಯಾಕೆ ಎಂದು ನಿಮಗೆ ಮೊದಲಿನಿಂದ ಹೇಳಬೇಕು. ಆದರೆ ಇದರ ಮೊದಲು ಎಲ್ಲಿ ಎನ್ನುವುದು ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ. ಒಂದೊಂದು ಸಲ ಒಂದೊಂದು ಕಡೆಯಿಂದ ಶುರುವಾದ ಹಾಗೆ ಕಾಣುತ್ತದೆ. ಶಾಲೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಬೇಗ ಮುಗಿಯುತ್ತದೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಮಂಗಳೂರಿನ ಹೊರಗಿನ ಒಂದು ಕನ್ನಡ ಶಾಲೆ. ಮನೆಯಲ್ಲಿ ನಾವು ಬ್ಯಾರಿ ಮಾತಾಡುವವರು, ಬೇಲಿಯ ಆಚೆಗೆ ತುಳು, ಶಾಲೆಯ ಗೇಟಿನೊಳಗೆ ಮಾತ್ರ ಕನ್ನಡ. ಹಾಗಾಗಿಯೋ ಏನೋ, ದೀರ್ಘ ಎನ್ನುವುದು ನನ್ನ ತಲೆಗೆ ಹತ್ತಲೇ ಇಲ್ಲ. ‘ಕಾಡು’ ಎಂದು ಬರೆಯಬೇಕಾದಲ್ಲಿ ‘ಕಡು’, ‘ಮರ’ ಎನ್ನಬೇಕಾದಲ್ಲಿ ‘ಮಾರ’. “ಬೇಕಾದಲ್ಲಿ ದೀರ್ಘ ಇಲ್ಲ, ಬೇಡದಲ್ಲಿ ಉಂಟು. ನೀನು ಎಂತ ಮಾರಾಯ, ದೀರ್ಘವನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಲಾರಿ ಇಟ್ಟಿದ್ದೀಯಾ?” ಎಂದು ಮಾಸ್ಟ್ರು ಕೇಳಿದ್ದು, ಇಡೀ ತರಗತಿ ನಕ್ಕದ್ದು ನೆನಪಿದೆ. ಈ ಬರಹದ ದೀರ್ಘಗಳನ್ನು ಗೆಳೆಯನೊಬ್ಬ ತಿದ್ದಿಕೊಟ್ಟಿದ್ದಾನೆ. ಎಲ್ಲಾದರೂ ತಪ್ಪು ಉಳಿದಿದ್ದರೆ ಅದು ಅವನದಲ್ಲ.

ತಂಗಿಯನ್ನು ಓದಿಸಲಿಕ್ಕಾಗಿ ನಾನು ಶಾಲೆ ಬಿಟ್ಟೆ ಎಂದು ನಮ್ಮ ಕುಟುಂಬದವರೆಲ್ಲ ನಂಬಿದ್ದಾರೆ. ನಮ್ಮ ತಾಯಿ, ಉಮ್ಮನೂ ಬಂದವರ ಎದುರು ಹಾಗೆಯೇ ಹೇಳುತ್ತಾರೆ. ನಾನು ಒಮ್ಮೆಯೂ ತಿದ್ದಲಿಲ್ಲ. ನಾನು ಶಾಲೆ ಬಿಡುವಾಗ ನನಗೆ ಹನ್ನೆರಡು ವರ್ಷ. ತಂಗಿ ಮಿಸ್ರಿಯಾ ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.

ನಗಬಹುದು. ನಾನೂ ನಗುತ್ತೇನೆ. ಆದರೆ ಈ ಸುಳ್ಳನ್ನು ನಾನು ಹೇಳಿದ್ದಲ್ಲ, ಬೇರೆಯವರು ಹೇಳಿದಾಗ ಸುಮ್ಮನಿದ್ದದ್ದು ಎನ್ನುವುದನ್ನು ಗಮನಿಸಿ. ಸುಮ್ಮನಿರುವುದರಲ್ಲಿ ನಾನು ಮೊದಲಿನಿಂದಲೂ ಜಾಣ.

ಉಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ಬಾಪ, ಅಂದರೆ ಅಪ್ಪ, ಬೇಗ ತೀರಿಕೊಂಡಿದ್ದರು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಉಮ್ಮನ ಬೆರಳ ತುದಿಗಳು ಕಪ್ಪಾಗಿ ಸುಲಿದಿದ್ದವು. ಮದುವೆ ಮನೆಗಳಲ್ಲಿ ಅವರು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿರುತ್ತಿದ್ದರು. ಮಿಸ್ರಿಯಾ ಚೆನ್ನಾಗಿ ಓದಿದಳು. ಆಹಾರಕ್ಕೆ ಸಂಬಂಧಿಸಿದ ಏನೋ ವಿಜ್ಞಾನ, ಅದರ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲ. ಕೆಲಸ ಸಿಕ್ಕಿದ್ದು ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ, ಗೇರುಬೀಜ ರಫ್ತು ಮಾಡುವ ಒಂದು ಕಂಪನಿಯಲ್ಲಿ, ಬೀಜದ ಗುಣಮಟ್ಟ ನೋಡುವ ವಿಭಾಗದಲ್ಲಿ. ಒಂಟಿ ಹೆಣ್ಣು ಅಷ್ಟು ದೂರ ಹೇಗೆ ಹೋಗುವುದು ಎಂದು ಉಮ್ಮ ಎರಡು ದಿನ ಊಟ ಬಿಟ್ಟಿದ್ದರು. ಕೆಲಸ ಎಂಥದ್ದು ಎಂದು ಗೊತ್ತಾದಾಗ ಮಾತ್ರ ನಕ್ಕುಬಿಟ್ಟರು. “ಅಲ್ಲಾಹ್! ನಾನು ಯಾವ ಕೆಲಸದಿಂದ ಇವಳನ್ನು ತಪ್ಪಿಸ್ಲಿಕ್ಕೆ ಓದಿಸಿದ್ದೋ ಅದಕ್ಕೇ ಹೋಗ್ತಾಳೆ, ಅದೂ ವಿಮಾನದಲ್ಲಿ!”

ಅಲ್ಲಿಂದ ದಿನವೂ ಸಂಜೆ ಮಿಸ್ರಿಯಾ ಉಮ್ಮನಿಗೆ ಫೋನ್ ಮಾಡುತ್ತಿದ್ದಳು. ಸುಮ್ಮನೆ ಮಾತಲ್ಲ. ಅಂದಿನ ಬೀಜಗಳನ್ನು ಅಂಗೈಯಲ್ಲಿ ಹರಡಿ ಫೋನಿನ ಎದುರು ಹಿಡಿಯುತ್ತಿದ್ದಳು. ಉಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತು ಪರೀಕ್ಷೆ ಮಾಡುತ್ತಿದ್ದರು. “ಆ ಮೂಲೆಯದ್ದು ತೆಗಿ ಮೋಳೇ, ಅದಕ್ಕೆ ಹುಳ ತಾಗಿದೆ.” “ಮೆಷಿನು ಪಾಸ್ ಮಾಡಿದ್ದು ಉಮ್ಮ ಅದನ್ನು.” “ಮೆಷಿನಿಗೆ ಕಣ್ಣುಂಟಾ?” ನಾನು ಈ ಮಾತುಕತೆಯನ್ನು ರಜೆಯಲ್ಲಿ ಊರಿಗೆ ಹೋದಾಗ ಕೇಳಿದ್ದೇನೆ. ಎರಡು ದೇಶಗಳ ನಡುವೆ ಇಬ್ಬರು ಹೆಂಗಸರು ಒಂದು ಬೀಜಕ್ಕಾಗಿ ಜಗಳವಾಡಿ ನಗುತ್ತಿದ್ದರು. ನನಗೂ ಬೀಜದ ವಿಷಯ ಗೊತ್ತು, ಖೋಬರಿನಲ್ಲಿ ಬೀಜ ಹುರಿದು ಮಾರುವ ಅಂಗಡಿಯಲ್ಲೇ ನನ್ನ ಹದಿನೆಂಟು ವರ್ಷ ಕಳೆದದ್ದು. ಆದರೆ ಅವರಿಬ್ಬರೂ ನನ್ನನ್ನು ಒಂದು ಮಾತೂ ಕೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಕಫೀಲ್, ಅಂದರೆ ಅಂಗಡಿಯ ಸೌದಿ ಯಜಮಾನರು, ಬೀಜವನ್ನು ನೇರ ವಿಯೆಟ್ನಾಮಿನಿಂದಲೇ ತರಿಸುವ ಯೋಚನೆ ಮಾಡಿದರು. “ನಿನಗೆ ಬೀಜ ಗೊತ್ತು, ನಿನ್ನ ತಂಗಿ ಅಲ್ಲೇ ಇದ್ದಾಳೆ. ಯಲ್ಲಾ, ಹೋಗಿ ನೋಡಿ ಬಾ,” ಎಂದರು. ಎಂಟು ದಿನ. ನನ್ನ ಜೀವನದಲ್ಲಿ ಮಂಗಳೂರು, ಸೌದಿ ಬಿಟ್ಟು ಬೇರೆ ಕಡೆಗೆ ವಿಮಾನ ಹತ್ತಿದ್ದು ಅದೇ ಮೊದಲು.

ಆ ನಗರ ನನಗೆ ಅರ್ಥವಾಗಲಿಲ್ಲ. ಸೆಖೆ ನಮ್ಮೂರಿನದೇ, ಮರಗಳೂ ಹೆಚ್ಚುಕಡಿಮೆ ನಮ್ಮೂರಿನವೇ, ಆದರೆ ಜನರ ಮಾತು ಹಕ್ಕಿಗಳು ಮಾತಾಡಿದ ಹಾಗೆ ಮೇಲೆ ಕೆಳಗೆ ಹಾರುತ್ತಿತ್ತು. ರಸ್ತೆಯಲ್ಲಿ ಸ್ಕೂಟರುಗಳ ಹೊಳೆ. ದಾಟುವಾಗ ನಿಲ್ಲಬಾರದು, ಓಡಬಾರದು, ನಿಧಾನಕ್ಕೆ ನಡೆಯುತ್ತಲೇ ಇರಬೇಕು, ಅವರೇ ಸುತ್ತು ಹಾಕಿಕೊಂಡು ಹೋಗುತ್ತಾರೆ ಎಂದು ಮಿಸ್ರಿಯಾ ಕೈಹಿಡಿದು ದಾಟಿಸಿದಳು. ಸಣ್ಣವಳಿದ್ದಾಗ ನಾನು ಅವಳ ಕೈಹಿಡಿದು ಹೆದ್ದಾರಿ ದಾಟಿಸಿದ್ದು ನೆನಪಾಗಿ ನನಗೆ ಒಂಥರಾ ಆಯಿತು. ಸಂತೋಷವೋ ಬೇಸರವೋ ಹೇಳಲಾರೆ.

ಊಟದ್ದೇ ದೊಡ್ಡ ಚಿಂತೆಯಾಗಿತ್ತು. ಎಲ್ಲಿ ನೋಡಿದರೂ ಹಂದಿ. ಮಿಸ್ರಿಯಾ ನನಗೆ ಒಂದು ಮಾತು ಕಲಿಸಿದಳು. “ಕಾಕ, ನಾನು ಆಫೀಸಿನಲ್ಲಿರುವಾಗ ನಿಮಗೆ ಹಸಿವಾದ್ರೆ ‘ಚಯ್’ ಅಂತ ಹೇಳಿ. ಚಯ್ ಅಂದ್ರೆ ಮಾಂಸ ಇಲ್ಲದ ಊಟ. ಇಲ್ಲಿನ ಬೌದ್ಧರು ತಿನ್ನುವುದು. ಕೇಳಿದ್ರೆ ಯಾರಾದ್ರೂ ಕೊಡ್ತಾರೆ.” ನಮ್ಮಲ್ಲಿ ಅಣ್ಣನಿಗೆ ಕಾಕ ಎನ್ನುತ್ತಾರೆ. ನನಗೆ ಬಹಳ ಖುಷಿಯಾಯಿತು. ಚಾಯ್! ಖೋಬರಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು. ಇದನ್ನು ಮರೆಯುವುದುಂಟೇ?

ಅವಳು ಮೊಟಕಾಗಿ ಹೇಳಿದ್ದು ನನ್ನ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ನನ್ನ ತಲೆಯೊಳಗೆ ಹೋಗಿ ಕೂತದ್ದು ಮಾತ್ರ ಎಳೆದೇ ಕೂತಿತು.

ಹೊರಡುವ ಹಿಂದಿನ ದಿನ ಭಾನುವಾರ. ಮಿಸ್ರಿಯಾ ನನ್ನನ್ನು ಮಧ್ಯಾಹ್ನದ ಊಟಕ್ಕೆ ಒಂದು ದೊಡ್ಡ ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು. ಫ್ರೆಂಚರು ಆ ದೇಶವನ್ನು ಆಳುತ್ತಿದ್ದಾಗ ಯಾರೋ ಅಧಿಕಾರಿ ವಾಸವಿದ್ದ ಮನೆಯಂತೆ. ಹಳದಿ ಗೋಡೆ, ಹಸಿರು ಕಿಟಕಿ, ಎತ್ತರದ ಮಾಡು, ನೆಲಕ್ಕೆ ಹೂವಿನ ಚಿತ್ರದ ಹಂಚು. ಒಮ್ಮೆ ಆಫೀಸಿನವರ ಜೊತೆ ಬಂದಿದ್ದಳಂತೆ. “ಅವತ್ತೇ ಅಂದುಕೊಂಡೆ, ಕಾಕ ಬಂದ್ರೆ ಇಲ್ಲಿ ಕರ್ಕೊಂಡು ಬರ್ಬೇಕು ಅಂತ.” ಮುಂಚಿನ ದಿನವೇ ಫೋನ್ ಮಾಡಿ, ನಮಗೆ ಮೀನು ಮಾತ್ರ, ಅದಕ್ಕೆ ಮದ್ಯ ಹಾಕಬಾರದು, ಬೇರೆ ಬಾಣಲೆಯಲ್ಲಿ ಬೆಣ್ಣೆಯಲ್ಲೇ ಮಾಡಬೇಕು ಎಂದು ಹೇಳಿ ಇಟ್ಟಿದ್ದಳು.

ನಾನು ಇಸ್ತ್ರಿ ಮಾಡಿದ ಶರ್ಟನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡು ಕೂತಿದ್ದೆ. ಎದುರಿಗೆ ಮೂರು ಮುಳ್ಳುಚಮಚ, ಎರಡು ಚೂರಿ. ಬ್ರೆಡ್ಡು ಸೌದೆಯ ತುಂಡಿನ ಹಾಗೆ ಉದ್ದಕ್ಕೆ, ಗಟ್ಟಿಗೆ ಇತ್ತು. ಅದನ್ನು ಮುರಿದಾಗ ಇಡೀ ಮೇಜಿಗೆ ಪುಡಿ ಉದುರಿತು. “ಉದುರ್ಲಿ ಬಿಡಿ ಕಾಕ, ಇಲ್ಲಿ ಉದುರಿದ್ರೇ ಮರ್ಯಾದೆ,” ಎಂದು ಅವಳು ನಕ್ಕಳು. ಅವಳಿಗೆ ಕೆಂಪು ಹಣ್ಣಿನ ಜ್ಯೂಸ್ ಬಂತು, ನನಗೆ ನಿಂಬೆ ನೀರು. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂದು ಅವಳು ಎದ್ದು ಹೊರಗೆ ಹೋದಳು. “ಐದು ನಿಮಿಷ, ಆಯ್ತಾ?”

ಈ ಐದು ನಿಮಿಷವನ್ನು ನಾನು ಎಷ್ಟೋ ಸಲ ಪುನಃ ಪುನಃ ತಿರುಗಿಸಿ ನೋಡಿದ್ದೇನೆ.

ಸಪ್ಲಾಯರ್ ಬಂದು ಎರಡು ಪುಟ್ಟ ತಟ್ಟೆ ಇಟ್ಟ. ಹುರಿದ ಬ್ರೆಡ್ಡಿನ ಚೂರು, ಅದರ ಮೇಲೆ ಕಂದು ಬಣ್ಣದ ಏನೋ ಹಚ್ಚಿದ್ದು. ನಾವು ಹೇಳಿದ್ದಲ್ಲ. ಇದು ಹಂದಿಯೇ ಇರಬೇಕು ಎಂದುಕೊಂಡೆ. ತಂಗಿ ಬರುವವರೆಗೆ ಕಾಯಬಹುದಿತ್ತು. ಆದರೆ ನಲವತ್ತು ದಾಟಿದ ಗಂಡಸು, ಹದಿನಾರು ವರ್ಷ ಪರದೇಶದಲ್ಲಿದ್ದವನು, ಊಟದ ಮೇಜಿನಲ್ಲಿ ತಂಗಿಗಾಗಿ ಕಾಯುವುದೇ? ತಟ್ಟೆಯನ್ನು ಅವನ ಕಡೆಗೆ ದೂಡಿ, ಬೆರಳಾಡಿಸಿ, ಗಟ್ಟಿಯಾಗಿ ಹೇಳಿದೆ. “ಚಾಯ್! ಚಾಯ್!”

ಅವನು ನನ್ನ ಮುಖ ನೋಡಿದ. “ಚಾಯ್?” ಎಂದು ಗಾಳಿಯಲ್ಲಿ ಕೈಯಿಂದ ಉದ್ದಕ್ಕೆ ಏನೋ ಆಕಾರ ಮಾಡಿ ತೋರಿಸಿದ. ಪೂರ್ತಿ ಊಟಕ್ಕೂ ಹಾಗೆಯೇ ಬೇಕಾ ಎಂದು ಕೇಳುತ್ತಿದ್ದಾನೆ ಎಂದುಕೊಂಡೆ. “ಹೌದು, ಚಾಯ್!” ಅವನು ಒಂದು ಚರ್ಮದ ಪುಸ್ತಕ ತಂದು ಬಿಡಿಸಿ ಹಿಡಿದ. ಓದಲು ಬಾರದ ಕಾಗದಗಳ ಎದುರು ನನಗೊಂದು ಧೈರ್ಯವಿದೆ. ಇಕಾಮಾದ, ಅಂದರೆ ಸೌದಿಯ ವಾಸದ ಪರವಾನಗಿಯ, ಅರ್ಜಿಯಿಂದ ಹಿಡಿದು ಎಷ್ಟೋ ಕಡೆ ಹಾಗೆ ಸಹಿ ಹಾಕಿದ್ದೇನೆ. ಪುಟದ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟೆ.

ಅವನು ತಂದದ್ದು ಕಪ್ಪು ಬಾಟಲಿ. ಕುತ್ತಿಗೆಗೆ ಬಿಳಿ ಬಟ್ಟೆ. ಚೀಟಿ ತೋರಿಸಿದ. ನಾನು ಯಜಮಾನನ ಹಾಗೆ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಆಗಲೂ ನನಗೆ ಅನುಮಾನ ಬರಲಿಲ್ಲ. ಖೋಬರಿನ ಮದುವೆಗಳಲ್ಲಿ ಸೇಬಿನ ರಸವೂ ಇಂಥದೇ ಬಾಟಲಿಯಲ್ಲಿ ಬರುತ್ತದೆ. ಅವನು ಬಿರಡೆ ಎಳೆದು ನನ್ನ ಗ್ಲಾಸಿಗೆ ಒಂದಿಷ್ಟು ಸುರಿದ ಮೇಲೆ ವಾಸನೆ ಬಂತು. ಆಗ ಗೊತ್ತಾಯಿತು.

ಏನು ಮಾಡಬೇಕಿತ್ತು? ಬೇಡ ಎನ್ನಬೇಕಿತ್ತು. ಎದ್ದು ಹೋಗಿ ತಂಗಿಯನ್ನು ಕರೆಯಬೇಕಿತ್ತು. ನಾನು ಮಾಡಿದ್ದಿಷ್ಟು. ಆ ಗ್ಲಾಸನ್ನೂ ಬಾಟಲಿಯನ್ನೂ ನನ್ನಿಂದ ದೂರಕ್ಕೆ ಸರಿಸಿದೆ. ಅದು ಇಬ್ಬರೇ ಕೂರುವ ಸಣ್ಣ ಮೇಜು. ನನ್ನಿಂದ ದೂರ ಎಂದರೆ ಅವಳಿಗೆ ಹತ್ತಿರ.

ಮಿಸ್ರಿಯಾ ನಗುತ್ತ ಬಂದು ಕೂತಳು. ಸಪ್ಲಾಯರ್ ಇನ್ನೂ ಅಲ್ಲೇ ಇದ್ದ. ಫೋಟೋ ತೆಗೆಯಲೇ ಎಂದು ಸನ್ನೆ ಮಾಡಿ ನನ್ನ ಫೋನ್ ತೆಗೆದುಕೊಂಡ. ಅವಳು ಜ್ಯೂಸಿನ ಗ್ಲಾಸು ಎತ್ತಿ ಹಿಡಿದಳು. ಫೋಟೋ ಆಯಿತು. ಆಮೇಲೆ ಅವಳ ಮೊಣಕೈಗೆ ಬಾಟಲಿ ತಾಗಿತು.

“ಇದೆಂತ ಕಾಕ?”

“ಅದಾ? ಅವರೇ ಇಟ್ಟು ಹೋದದ್ದು.”

ಅವಳು ಅವನ ಹತ್ತಿರ ಅವರ ಭಾಷೆಯಲ್ಲಿ ಮಾತಾಡಿದಳು. ಅವನು ವಿನಯದಿಂದ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದ. ಅವಳು ನನ್ನ ಮುಖ ನೋಡಿದಳು. ಬಾಟಲಿ, ಗ್ಲಾಸು, ಕಂದು ಬ್ರೆಡ್ಡು ಎಲ್ಲ ಒಳಗೆ ಹೋದವು. ಆ ಬ್ರೆಡ್ಡಿಗೆ ಹಚ್ಚಿದ್ದು ಅಣಬೆಯಂತೆ. ಮೀನು ಬಂದ ಮೇಲೆ ಅವಳು ಅದರ ಮುಳ್ಳು ಬಿಡಿಸುತ್ತ, ಯಾರಿಗೋ ಹೇಳಿದ ಹಾಗೆ ಹೇಳಿದಳು. “ಇಲ್ಲಿ ಚಯ್ ಅಂದ್ರೆ ತರಕಾರಿ ಊಟ ಕಾಕ. ಚಾಯ್ ಅಂತ ಎಳೆದ್ರೆ ಕುಪ್ಪಿ, ಬಾಟ್ಲಿ. ಇಂಥ ಕಡೆ ಕುಪ್ಪಿ ಅಂದ್ರೆ ಇದೇ ಬರುವುದು. ನಾನೂ ಸುರುವಿಗೆ ತಪ್ಪಿ ಹೇಳಿದ್ದುಂಟು.”

ಎಷ್ಟು ಅಗಲಕ್ಕೆ ಬಾಗಿಲು ತೆರೆದು ಹಿಡಿದಿದ್ದಳು ನೋಡಿ. ‘ಹೌದಾ, ನಾನೂ ಹಾಗೇ ಹೇಳಿದೆ ಮಾರಾಯ್ತಿ’ ಎಂದು ನಕ್ಕಿದ್ದರೆ ಮುಗಿದಿತ್ತು. “ನಾನು ಎಂತದ್ದೂ ಹೇಳ್ಲಿಲ್ಲಪ್ಪ,” ಎಂದೆ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಕೂತು ಆ ಫೋಟೋವನ್ನು ಕುಟುಂಬದ ಗ್ರೂಪಿಗೆ ಹಾಕಿದೆ. ಹಾಕುವ ಮೊದಲು ನೋಡಿದ್ದೆ. ಆದರೆ ನೋಡಿದ್ದು ನನ್ನ ಮುಖವನ್ನು, ಶರ್ಟು ಸರಿಯಾಗಿ ಕೂತಿದೆಯಾ ಎನ್ನುವುದನ್ನು. ಫೋಟೋದಲ್ಲಿ ತಂಗಿ ಇದ್ದಳು, ಅವಳ ಕೈಯಲ್ಲಿ ಕೆಂಪು ಗ್ಲಾಸಿತ್ತು, ಅವಳ ಮೊಣಕೈಯ ಪಕ್ಕ ಬಿರಡೆ ತೆಗೆದ ಕಪ್ಪು ಬಾಟಲಿ ಇತ್ತು. ಇವೆಲ್ಲ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ನಮ್ಮ ಮಾಮಿಯ ಕಣ್ಣಿಗೆ ಬಿತ್ತು. ಅವರು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನೋಡುವುದರಲ್ಲಿ ನಿಪುಣರು. ನಡೆದುಕೊಂಡು ಹೋಗಿ ಉಮ್ಮನಿಗೆ ತೋರಿಸಿ ಬಂದರು.

ನಾನು ಖೋಬರಿಗೆ ಮುಟ್ಟಿದ ಎರಡನೆಯ ದಿನ ಉಮ್ಮನ ಫೋನ್ ಬಂತು. ಅಂಗಡಿಯಲ್ಲಿ ಗಿರಾಕಿಗಳಿದ್ದರು. “ಮೋನೇ, ಆ ಪಟದಲ್ಲಿ ಒಂದು ಕುಪ್ಪಿ ಉಂಟಲ್ಲ, ಅದು ಯಾರದ್ದು?”

ನಾನು ಹೇಳಿದ್ದು ಎರಡೇ ಶಬ್ದ. “ನಾನು ಮುಟ್ಟಲಿಲ್ಲ.”

“ನಿನ್ನನ್ನು ನಾನು ಕೇಳ್ಲಿಲ್ಲ ಮೋನೇ. ನಿನ್ನ ವಿಷಯ ನನಗೆ ಗೊತ್ತುಂಟು,” ಎಂದು ಉಮ್ಮ ಫೋನ್ ಇಟ್ಟರು.

ಮುಟ್ಟಲಿಲ್ಲ ಎನ್ನುವುದೂ ಸುಳ್ಳೇ. ಸರಿಸುವಾಗ ಮುಟ್ಟಿದ್ದೆ. ಆದರೆ ಸುಳ್ಳಿಗಿಂತ ಕೆಟ್ಟದ್ದು ಅದರೊಳಗಿದ್ದ ‘ನಾನು’. ಇಬ್ಬರೇ ಇದ್ದ ಮೇಜಿನಲ್ಲಿ ಒಬ್ಬ ‘ನಾನು ಮುಟ್ಟಲಿಲ್ಲ’ ಎಂದರೆ ಉಳಿದವರು ಯಾರು? ಇಷ್ಟು ಲೆಕ್ಕ ಏಳನೆಯ ತರಗತಿಯವನಿಗೂ ಬರುತ್ತದೆ. ಯಾಕೆ ಹಾಗೆ ಹೇಳಿದೆ? ಗಿರಾಕಿಗಳಿದ್ದರು ಎಂದು ಒಮ್ಮೆ ಅನ್ನಿಸುತ್ತದೆ. ಇಲ್ಲಿನ ಊರವರೆಲ್ಲ ನನ್ನನ್ನು ದೀನಿನ, ಅಂದರೆ ಧರ್ಮದ, ಮನುಷ್ಯ ಎನ್ನುತ್ತಾರೆ, ಆ ಹೆಸರು ಹೋದೀತೆಂದು ಹೆದರಿದೆನೋ? ವಿಯೆಟ್ನಾಮಿನಲ್ಲಿ ನಾನೇ ಮಾತಾಡಿ ನಿಭಾಯಿಸಿದೆ ಎಂದು ಅಂಗಡಿಯಲ್ಲಿ ಕೊಚ್ಚಿಕೊಂಡಿದ್ದೆ, ಅದಕ್ಕೋ? ಅಥವಾ ಅವಳು ನನ್ನ ಕೈಹಿಡಿದು ರಸ್ತೆ ದಾಟಿಸಿದ್ದು ನನ್ನೊಳಗೆ ಎಲ್ಲೋ ಚುಚ್ಚಿತ್ತೋ? ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ನನಗೆ ಈಗಲೂ ತಿಳಿಯುವುದಿಲ್ಲ.

ವಾರದೊಳಗೆ ಮಿಸ್ರಿಯಾ ಫೋನ್ ಮಾಡಿದಳು. “ಉಮ್ಮ ನನ್ನ ಫೋನು ಎತ್ತುವುದಿಲ್ಲ ಕಾಕ. ಮಾಮಿ ಎಂತೆಲ್ಲ ಹೇಳಿದ್ದಾರೆ. ನಾನು ಕುಡೀಲಿಲ್ಲ ಅಂತ ಮೆಸೇಜು ಹಾಕಿದೆ. ನಂಬುವುದಿಲ್ಲ. ನೀವು ಅಲ್ಲೇ ಇದ್ರಲ್ಲ, ಒಂದು ಮಾತು ಹೇಳಿ.”

“ಹೇಳ್ತೇನೆ.”

“ಇವತ್ತೇ ಹೇಳ್ತೀರಾ?”

“ಹೇಳ್ತೇನೆ ಅಂದೆನಲ್ಲ.”

ಕುಪ್ಪಿ ತರಿಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಸಪ್ಲಾಯರ್ ಹೇಳಿದ್ದ. ಆದರೂ ಅವಳು ಉಮ್ಮನಿಗೆ ನನ್ನ ಹೆಸರು ಹೇಳಲಿಲ್ಲ, ನನ್ನ ಎದುರಿಗೂ ಎತ್ತಲಿಲ್ಲ. ನನ್ನ ಮರ್ಯಾದೆ ಉಳಿಸಲೆಂದೋ, ನಾನೇ ಹೇಳಲಿ ಎಂದೋ? ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈದವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದು. ಕಾದು ಕೂತವರನ್ನು ಏನು ಮಾಡುವುದು?

ಇನ್ನು ಹೇಳುವುದು ಎಲ್ಲಕ್ಕಿಂತ ಕಷ್ಟದ್ದು. ಅವರಿಬ್ಬರ ಮಾತು ನಿಂತ ಮೇಲೆ ಇಬ್ಬರೂ ನನಗೆ ಫೋನ್ ಮಾಡತೊಡಗಿದರು. ಉಮ್ಮ ಹೆಸರು ಹಿಡಿಯುತ್ತಿರಲಿಲ್ಲ. “ಅಲ್ಲಿ ಏನೋ ಗಾಳಿಮಳೆ ಅಂತೆ, ಅಲ್ಲಿದ್ದವರು ಹುಷಾರಿದ್ದಾರಾ?” ಎನ್ನುತ್ತಿದ್ದರು. ಮಿಸ್ರಿಯಾ ಕೇಳುತ್ತಿದ್ದಳು, “ಉಮ್ಮನ ಗಂಟುನೋವು ಹೇಗುಂಟು? ಮಾತ್ರೆ ತಿನ್ತಾರಾ?” ಇಲ್ಲಿಯದ್ದು ಅಲ್ಲಿಗೆ, ಅಲ್ಲಿಯದ್ದು ಇಲ್ಲಿಗೆ. ವಾರಕ್ಕೊಮ್ಮೆ ಮೂರು ನಿಮಿಷ ಮಾತಾಡುತ್ತಿದ್ದ ಉಮ್ಮ ಈಗ ದಿನಾ ಅರ್ಧ ಗಂಟೆ ಮಾತಾಡುತ್ತಿದ್ದರು. ನಾನು ಬೇಕಾದವನಾಗಿದ್ದೆ. ನನಗೆ ಅದು ಹಿತವಾಗಿತ್ತು. ರಾತ್ರಿ ಮಲಗುವಾಗ ನಾಳೆ ಹೇಳುತ್ತೇನೆ ಎಂದುಕೊಂಡು, ಹಗಲು ಉಮ್ಮನ ದನಿ ಕೇಳಿದೊಡನೆ ಆ ಅರ್ಧ ಗಂಟೆಯನ್ನು ಕಳೆದುಕೊಳ್ಳಲು ಮನಸ್ಸು ಬರುತ್ತಿರಲಿಲ್ಲ.

ಕಳೆದ ಪೆರ್ನಾಲಿಗೆ, ಅಂದರೆ ಈದ್‌ಗೆ, ಮಿಸ್ರಿಯಾ ಊರಿಗೆ ಹೋದಳು. ಹತ್ತು ದಿನಕ್ಕೆಂದು ಹೋದವಳು ನಾಲ್ಕನೆಯ ದಿನ ಮಂಗಳೂರು ವಿಮಾನ ನಿಲ್ದಾಣದಿಂದ ಫೋನ್ ಮಾಡಿದಳು. “ಉಮ್ಮ ನನಗೆ ಇಷ್ಟದ್ದೆಲ್ಲ ಮಾಡಿದ್ರು ಕಾಕ. ರೊಟ್ಟಿ, ಕೋಳಿ ಸಾರು, ಎಲ್ಲ. ಬಡಿಸಿದ್ರು. ಮಾತಾಡ್ಲಿಲ್ಲ. ಮಾಡಿದ ತಪ್ಪಿಗೆ ತೌಬಾ ಮಾಡಿದ್ಯಾ ಅಂತ ಒಂದೇ ಒಂದು ಸಲ ಕೇಳಿದ್ರು. ಮಾಡದೇ ಇದ್ದದ್ದಕ್ಕೆ ತೌಬಾ ಹೇಗೆ ಮಾಡುವುದು?” ಹಿಂದಿನಿಂದ ವಿಮಾನದ ಘೋಷಣೆ ಕೇಳುತ್ತಿತ್ತು. “ಇನ್ನು ನಾನು ಬರುವುದಿಲ್ಲ ಕಾಕ. ನನ್ನಿಂದಾಗುವುದಿಲ್ಲ. ನೀವು ಉಮ್ಮನನ್ನು ನೋಡಿಕೊಳ್ಳಿ.” ಒಂದು ಮಾತು ಹೇಳಿ ಎಂದು ಈ ಸಲ ಅವಳು ಕೇಳಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು. ಆಮೇಲೆ ಹೆದರಿಕೆಯಾಯಿತು.

ಆದರೂ ಸುಮ್ಮನಿದ್ದೆ. ಮೊನ್ನೆಯವರೆಗೆ.

ಮೊನ್ನೆ ಆ ಸೌದಿ ಯಜಮಾನರು ತಲೆಯಾಡಿಸಿದ್ದನ್ನು ನೋಡಿದಾಗ ನನಗೆ ಕಂಡದ್ದು ನಾನೇ. ಏನೂ ಗೊತ್ತಿಲ್ಲದೆ, ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸಿದ ಮನುಷ್ಯ. ಹೊರಗೆ ಬಂದು ವ್ಯಾನಿನ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಏನು ಹೇಳಬೇಕೆಂದು ಯೋಚಿಸಿದರೆ ಹೇಳುವುದೇ ಇಲ್ಲ ಎಂದು ಗೊತ್ತಿತ್ತು. ಯೋಚಿಸದೆ ಉಮ್ಮನ ನಂಬರು ಒತ್ತಿದೆ.

“ಉಮ್ಮ, ಆ ಕುಪ್ಪಿ ಉಂಟಲ್ಲ.”

“ಯಾವ ಕುಪ್ಪಿ?” ಎಂದರು. ಆದರೆ ದನಿಯಲ್ಲೇ ಗೊತ್ತಾಯಿತು, ಅವರಿಗೆ ಗೊತ್ತಿದೆ ಎಂದು.

“ಆ ಪಟದಲ್ಲಿದ್ದದ್ದು. ಅದನ್ನು ತರಿಸಿದ್ದು ನಾನು.”

“ನೀನು ಕುಡೀತೀಯಾ?”

“ಇಲ್ಲ ಉಮ್ಮ! ತರಕಾರಿ ಅಂತ ಹೇಳ್ಲಿಕ್ಕೆ ಹೋದದ್ದು. ಅವರ ಭಾಷೆಯಲ್ಲಿ ಚಯ್ ಅಂದ್ರೆ ತರಕಾರಿ, ಚಾಯ್ ಅಂದ್ರೆ ಕುಪ್ಪಿ. ನನ್ನ ಬಾಯಲ್ಲಿ ದೀರ್ಘ ಬಂತು.”

“ಎಂತ ಬಂತು?”

ಶಾಲೆಯ ಮೆಟ್ಟಿಲು ಹತ್ತದ ಉಮ್ಮನಿಗೆ ದೀರ್ಘ ಎಂದರೆ ಏನೆಂದು ನಾನು ಹೇಗೆ ಹೇಳಲಿ? “ಎಳೆದು ಹೇಳಿದೆ ಉಮ್ಮ. ಹಾಗೆ ಎಳೆಯಬಾರದಿತ್ತು.”

“ಅವಳು?”

“ಅವಳು ಕುಡಿದದ್ದು ಹಣ್ಣಿನ ಜ್ಯೂಸು. ಕುಪ್ಪಿ ತರುವಾಗ ಅವಳು ಅಲ್ಲಿ ಇರಲೇ ಇಲ್ಲ, ಫೋನಿನಲ್ಲಿ ಮಾತಾಡ್ಲಿಕ್ಕೆ ಹೊರಗೆ ಹೋಗಿದ್ಳು. ಅವಳ ಹತ್ತಿರ ಸರಿಸಿ ಇಟ್ಟದ್ದೂ ನಾನೇ.”

“ಮತ್ತೆ ಅದನ್ನು ಕುಡಿದದ್ದು ಯಾರು?”

“ಯಾರೂ ಇಲ್ಲ.”

“ಯಾರೂ ಇಲ್ಲ,” ಎಂದು ಉಮ್ಮ ತಮ್ಮಷ್ಟಕ್ಕೆ ಹೇಳಿಕೊಂಡರು. ಕರೆ ಕಡಿದುಹೋಯಿತೇ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಇಲ್ಲ. “ನಾನು ಆ ಮಗುವಿಗೆ ಅನ್ನ ಬಡಿಸಿ ಬೆನ್ನು ತಿರುಗಿಸಿ ಕೂತೆ ಮೋನೇ. ಅವಳು ಹೊರಟು ಗೇಟಿನ ಹತ್ತಿರ ನಿಂತು ನೋಡ್ತಿದ್ಳು, ನಾನು ಒಳಗೆ ಹೋದೆ.” ಆಮೇಲೆ ಕೇಳಿದರು, “ನೀನು ದಿನಾ ನನ್ನ ಹತ್ತಿರ ಮಾತಾಡ್ತಿದ್ದಿಯಲ್ಲ. ಅಷ್ಟೆಲ್ಲ ಮಾತಾಡ್ತಿದ್ದಿ. ಆವಾಗೆಲ್ಲ ಬಾಯಿ ಇತ್ತಲ್ಲ ನಿನಗೆ?”

ಫೋನ್ ಕಡಿಯಿತು.

ಮಿಸ್ರಿಯಾಳಿಗೆ ಮೊದಲೇ ಹೇಳಿಬಿಡೋಣ, ಉಮ್ಮ ಏನಾದರೂ ಹೇಳುವ ಮುಂಚೆ ನನ್ನ ಬಾಯಿಂದಲೇ ಕೇಳಲಿ ಎಂದು ಅವಳ ನಂಬರು ಒತ್ತಿದೆ. ಬೇರೆ ಕರೆಯಲ್ಲಿದ್ದಾರೆ ಎಂದು ಬಂತು. ಆಫೀಸಿನದಿರಬೇಕು ಎಂದುಕೊಂಡೆ. ಉಮ್ಮನಿಗೆ ಇನ್ನೊಮ್ಮೆ ಮಾಡಿ ಕ್ಷಮೆಯನ್ನಾದರೂ ಕೇಳೋಣ ಎಂದು ಅವರಿಗೆ ಮಾಡಿದೆ. ಬೇರೆ ಕರೆಯಲ್ಲಿದ್ದಾರೆ. ಪುನಃ ತಂಗಿಗೆ. ಪುನಃ ಉಮ್ಮನಿಗೆ. ನಾಲ್ಕನೆಯ ಸಲಕ್ಕೆ ನನ್ನ ಮಂದ ತಲೆಗೆ ಹೊಳೆಯಿತು.

ಅಸರ್ ಬಾಂಗ್ ಆಯಿತು. ಪಕ್ಕದ ಮಸೀದಿಯಲ್ಲಿ ನಮಾಜು ಮಾಡಿ ಬಂದು ನೋಡಿದೆ, ಇನ್ನೂ ಹಾಗೇ. ಒಳಗೆ ಹೋಗಿ ರಸೀದಿಗೆ ಸಹಿ ಹಾಕಿಸಿಕೊಂಡು ಬಂದೆ, ಇನ್ನೂ ಹಾಗೇ. ಎರಡು ವರ್ಷ ಅವರಿಬ್ಬರ ನಡುವಿನ ಒಂದೊಂದು ಮಾತೂ ನನ್ನ ಕೈ ದಾಟಿಯೇ ಹೋಗುತ್ತಿತ್ತು. ಈಗ ಅಲ್ಲಿ ಅಳುತ್ತಿದ್ದಾರೋ, ನಗುತ್ತಿದ್ದಾರೋ, ನನ್ನನ್ನು ಬೈಯುತ್ತಿದ್ದಾರೋ, ಅಥವಾ ನನ್ನ ಹೆಸರೇ ಬರಲಿಲ್ಲವೋ? ತಿಳಿದುಕೊಳ್ಳಬೇಕಾದರೆ ಒಬ್ಬರ ವಿಷಯ ಇನ್ನೊಬ್ಬರ ಹತ್ತಿರ ಕೇಳುವುದು ನನಗೆ ಅಭ್ಯಾಸವಾಗಿತ್ತು. ಯಾರನ್ನು ಕೇಳಲಿ?

ಆ ದಿನ ಇಬ್ಬರಲ್ಲಿ ಒಬ್ಬರೂ ನನಗೆ ವಾಪಸು ಫೋನ್ ಮಾಡಲಿಲ್ಲ. ನಿನ್ನೆಯೂ ಇಲ್ಲ. ಇವತ್ತು ಸಂಜೆ ಅಂಗಡಿಯಲ್ಲಿ ಬಿಡುವಿತ್ತು. ಅವರು ಮಾತಾಡಿಕೊಳ್ಳುವ ಸಮಯವೆಂದು ಗೊತ್ತಿದ್ದೂ ಒಮ್ಮೆ ಉಮ್ಮನ ನಂಬರು ಒತ್ತಿದೆ. ಬೇರೆ ಕರೆಯಲ್ಲಿದ್ದಾರೆ ಎಂದು ಬಂತು. ಅದನ್ನು ಕೇಳಿ ಮನಸ್ಸಿಗೆ ಆದದ್ದು ಸಮಾಧಾನವೋ ಸಂಕಟವೋ ನನಗೆ ಗೊತ್ತಾಗಲಿಲ್ಲ. ಆದರೆ ಫೋನ್ ಇಡಲು ಮನಸ್ಸಾಗದೆ, ಆ ಧ್ವನಿ ತಾನಾಗಿ ನಿಲ್ಲುವವರೆಗೆ ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.